ಅಕ್ಕ ಅಳದ ಒಂಬತ್ತು ದಿನ

ನನ್ನನ್ನು ಚಿತ್ತಾಕುಲದ ಅಕ್ಕನ ಮನೆಗೆ ಕಳಿಸುವಾಗ ಅವ್ವ ಹೇಳಿದ್ದು ಒಂದೇ ಮಾತು. "ಅಲ್ಲಿ ಹೋಗಿ ಅಳೂಕಾಗ. ಇಲ್ಲಿ ಅತ್ತದ್ದು ಸಾಕು."

ಆಗ ನನಗೆ ಹದಿಮೂರು. ಅಂಕೋಲೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಅಳುಬುರುಕಿ ಎಂದೇ ಹೆಸರಾದವಳು. ಕರು ಸತ್ತರೆ ಅಳು, ಗಂಜಿ ನಾಲಿಗೆ ಸುಟ್ಟರೆ ಅಳು. ಯಾರದೋ ಮನೆಯ ಹುಡುಗಿ ಗಂಡನ ಮನೆಗೆ ಹೊರಟರೆ ಅವಳಿಗಿಂತ ಮೊದಲು ನನ್ನ ಮೂಗು ಕೆಂಪಾಗುತ್ತಿತ್ತು. ಅದಕ್ಕೆ ಯಾರೂ ಬೈಯುತ್ತಿರಲಿಲ್ಲ, ಹೆಣ್ಣು ಹುಡುಗಿ, ಅಳಲಿ ಬಿಡಿ ಎನ್ನುತ್ತಿದ್ದರು. ಬೈಗುಳವೆಲ್ಲ ಅಕ್ಕನಿಗೆ. ಅವಳು ಅಳುತ್ತಿರಲಿಲ್ಲ. ಮದುವೆಯಾಗಿ ಹೊರಡುವ ದಿನ ಅಂಗಳದಲ್ಲಿ ನೆರೆದ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತ ಕಾದಿದ್ದರು. ಅವಳು ಅವ್ವನ ಕಾಲು ಮುಟ್ಟಿ ಎದ್ದು, ಸೆರಗು ಸರಿಮಾಡಿಕೊಂಡು ಗಾಡಿ ಹತ್ತಿದಳು. ಗಂಡಿನ ಕಡೆಯ ಮುದುಕಿಯೊಬ್ಬಳು ಕೊಂಕಣಿಯಲ್ಲಿ ಏನೋ ಹೇಳಿ ತುಟಿ ತಿರುವಿದಳು. ನಮ್ಮದೂ ಅವರದೂ ಒಂದೇ ಜಾತಿ, ಮನೆಮಾತು ಮಾತ್ರ ಬೇರೆ. ಅವಳು ಹೇಳಿದ್ದು "ಸೊಸೆ ತರೂಕೆ ಹೋಗಿ ಕಲ್ಲು ತಂದೆವು" ಎಂದು ನಮಗೆ ಗೊತ್ತಾದದ್ದು ಆಮೇಲೆ.

ಅಪ್ಪನ ಕಣ್ಣಲ್ಲಿ ನೀರು ಕಂಡವರು ಊರಲ್ಲಿ ಇರಲಿಲ್ಲ. ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಸೀಮೆಗೆ ಸೀಮೆಯೇ ಹಟ ಹಿಡಿದ ವರ್ಷ ಜಪ್ತಿಯವರು ಬಂದು ನಮ್ಮ ಎರಡು ಎಮ್ಮೆಗಳನ್ನು ಬಿಚ್ಚಿಕೊಂಡು ಹೋದರು. ಅವ್ವ ಬಾಯಿ ಬಡಿದುಕೊಂಡಳು, ನಾನು ಮಣ್ಣಲ್ಲಿ ಹೊರಳಿದೆ. ಅಪ್ಪ ಕಂಬಕ್ಕೆ ಒರಗಿ ನಿಂತು ಎಮ್ಮೆಗಳು ಗದ್ದೆಯ ಬದು ದಾಟುವ ತನಕ ನೋಡಿದ. ಆಮೇಲೆ ಒಳಗೆ ಬಂದು ಊಟಕ್ಕೆ ಕೂತ. ಅದೇ ಹಟಕ್ಕೆ ಜೈಲಿಗೆ ಹೋದವನು ಬಿಡುಗಡೆಯಾಗಿ ಬಂದು ಎರಡು ಮೂರು ವರ್ಷವಾದರೂ ಊರವರು ಈ ಸಂಗತಿಯನ್ನು ಹೇಳುತ್ತಲೇ ಇದ್ದರು. ಗಂಡಸು ಅಂದ್ರೆ ಹಾಂಗಿರಬೇಕು ಎನ್ನುತ್ತಿದ್ದರು.

ಅಕ್ಕನಿಗೆ ಆರು ತಿಂಗಳ ಹೆಣ್ಣು ಕೂಸಿತ್ತು. ಕೂಸು ನೋಡಿಕೊಳ್ಳಲು ಜನ ಬೇಕೆಂದು ನಾನು ಹೋದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ, ಸದಾಶಿವಗಡದ ಗುಡ್ಡಕ್ಕೆ ಬೆನ್ನು ಮಾಡಿದ ಹಾಗೆ ಅವರ ಮನೆ. ಭಾವನಿಗೆ ಒಂದು ಬೆಳೆಯ ಸ್ವಲ್ಪ ಗದ್ದೆ. ಗದ್ದೆ ಕೊಯ್ದ ಮೇಲೆ ಮಳೆಗಾಲದ ತನಕ ಅವನು ಮಚವೆಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿದೋಣಿಯಲ್ಲಿ, ಕೂಲಿಗೆ ಹೋಗುತ್ತಿದ್ದ. ನದಿಯ ಮೇಲಿನಿಂದ ಇಳಿಸಿದ ಬಿದಿರು, ಕಟ್ಟಿಗೆ ತುಂಬಿಕೊಂಡು ಗೋವೆಗೆ ಹೋಗಿ ಬರುವುದು. ಮಚವೆಯಲ್ಲಿ ಮೂವರು: ಚುಕ್ಕಾಣಿ ಹಿಡಿಯುವ ಒಂಟಿ ಮುದುಕ, ಭಾವ, ಮತ್ತೆ ಪಕ್ಕದ ಮನೆಯವನು.

ಪಕ್ಕದ ಮನೆಯವನ ಹೆಂಡತಿ ತೋಡೂರಿನವಳು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ನಾನು ಹೋದ ದಿನವೇ ಬೇಲಿಯ ಸಂದಿಯಿಂದ ಬಂದು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ನನಗೆ ಕೊಂಕಣಿ ಕಲಿಸಿದವಳು ಅವಳೇ. ನಾನು ತಪ್ಪು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ನಗು ರಸ್ತೆಗೆ ಕೇಳುತ್ತದೆ ಎಂದು ಅಕ್ಕನ ಅತ್ತೆ ಗೊಣಗುತ್ತಿದ್ದಳು.

ದೀಪಾವಳಿ ಕಳೆದು ಹದಿನೈದು ದಿನವಾಗಿರಬಹುದು, ಒಂದು ಸೋಮವಾರ ಬೆಳಿಗ್ಗೆ ಮಚವೆ ಹೊರಟಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನ ಗಾಳಿ ನಿಂತೇ ಹೋಯಿತು. ತೆಂಗಿನ ಗರಿಯೊಂದೂ ಅಲುಗದೆ ಕೂಸು ಸೆಕೆಗೆ ಕಿರಿಕಿರಿ ಮಾಡುತ್ತಿತ್ತು. ಅಕ್ಕನ ಅತ್ತೆ ಅಂಗಳಕ್ಕೆ ಬಂದು ಪಶ್ಚಿಮಕ್ಕೆ ನೋಡಿ, "ಇದು ಒಳ್ಳೇದಲ್ಲ" ಎಂದು ಒಳಗೆ ಹೋದಳು. ಇಳಿಹೊತ್ತಿಗೆ ಗಾಳಿ ಎದ್ದಿತು. ನಮ್ಮ ಮಾಡಿನ ಹುಲ್ಲು ಅರ್ಧ ಹಾರಿತು. ಅಳಿವೆಯ ಕಡೆಯಿಂದ ಬರುತ್ತಿದ್ದ ಸದ್ದು ನೀರಿನದೋ ಗಾಳಿಯದೋ ತಿಳಿಯುತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾವೆಲ್ಲ ದಂಡೆಯಲ್ಲಿದ್ದೆವು. ಊರಿನ ಏಳೆಂಟು ದೋಣಿಗಳು ಹೊರಗೆ ಇದ್ದವು. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಅಳಿವೆಯೊಳಗೆ ಬಂದವು. ಕೆಲವು ಕಾರವಾರದ ಬಂದರದ ಮರೆಯಲ್ಲಿ, ಕೆಲವು ಕೂರ್ಮಗಡ ದ್ವೀಪದ ಮರೆಯಲ್ಲಿ ನಿಂತು ಉಳಿದುಕೊಂಡಿದ್ದವು. ಒಂದು ಬರಲಿಲ್ಲ. ಕೊನೆಗೆ ಬಂದ ದೋಣಿಯವನ ಹತ್ತಿರ ಪಕ್ಕದ ಮನೆಯಾಕೆ ಸೊಂಟದ ತನಕ ನೀರಿಗಿಳಿದು ಹೋಗಿ ಕೇಳಿದಳು. ಅವನು ಅವಳ ಮುಖ ನೋಡದೆ ಹಗ್ಗ ಸುತ್ತುತ್ತ ಹೇಳಿದ: "ಕತ್ತಲಾಗೂ ತನ್ಕ ಕಾಣ್ತಿತ್ತು. ಆಮೇಲೆ ಕಾಣ್ಲಿಲ್ಲ."

ಅವಳು ಅಲ್ಲೇ ನೀರಿನಲ್ಲಿ ನಿಂತು ಚೀರಿದಳು. ಅದು ಅಳುವೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ದಂಡೆಯಲ್ಲಿದ್ದ ಹೆಂಗಸರು ಅವಳನ್ನು ಸಮಾಧಾನ ಮಾಡಲು ಓಡಿದರೆಂದು ನಾನು ಅಂದುಕೊಂಡೆ. ಅವರು ಓಡಿದ್ದು ಬಾಯಿ ಮುಚ್ಚಿಸಲು. ಅಕ್ಕನ ಅತ್ತೆ ಅವಳ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. "ರಡೂ ನಾಕಾ! ಅಳಬೇಡ, ಅಳಬೇಡ! ಗಂಡ ನೀರ ಮೇಲಿರುವಾಗ ಹೆಂಡತಿ ಕಣ್ಣೀರು ಹಾಕಿದ್ರೆ ಅವನ ಕೆಳಗೆ ಎಳೀತದೆ. ನಿನ್ನ ತಾಯಿ ಹೇಳ್ಕೊಡ್ಲಿಲ್ವಾ?"

ಅವಳು ಬೆರಳುಗಳ ನಡುವಿನಿಂದ ಉಸಿರಾಡುತ್ತಿದ್ದಳು. ಕೈ ತೆಗೆದ ಕೂಡಲೇ ಮತ್ತೆ ಅತ್ತಳು. ಆ ದಿನವೆಲ್ಲ ಅವಳಿಗೆ ಅಳು ನಿಲ್ಲಿಸಲು ಆಗಲಿಲ್ಲ. ಗಂಡಸರು ದೂರ ಸರಿದು ಬೀಡಿ ಹಚ್ಚಿದರು. ಅವರಲ್ಲಿ ಒಬ್ಬ, "ಮುಗೀತು, ಇವಳೇ ಮುಗಿಸಿದ್ಲು" ಅಂದದ್ದು ನನ್ನ ಕಿವಿಗೆ ಬಿತ್ತು.

ಅಕ್ಕ ಕೂಸನ್ನು ಎತ್ತಿಕೊಂಡು ನೀರನ್ನೇ ನೋಡುತ್ತಿದ್ದಳು. ಅಂದು ಎಲ್ಲರೂ ಅವಳನ್ನು ಹೊಗಳಿದರು. ಮದುವೆಯಲ್ಲಿ ಅವಳನ್ನು ಕಲ್ಲು ಅಂದಿದ್ದ ಮುದುಕಿ ಅವಳ ಅತ್ತೆಯ ಅಕ್ಕ. ಅವಳೇ ಬಂದು ತಲೆ ಸವರಿ, ಗಟ್ಟಿ ಹೆಂಗಸು, ಗಂಡನ ಆಯುಷ್ಯ ಕಾಯುವವಳು ಎಂದಳು.

ಮನೆಗೆ ಬಂದ ಮೇಲೆ ನಾನು ಕೇಳಿದೆ, "ನಿಂಗೆ ಅಳು ಬರೂದಿಲ್ವಾ ಅಕ್ಕ?"

"ಬರ್ತದೆ" ಅಂದಳು. "ಬಂದಾಗ ಕೂಸಿಗೆ ಹಾಲು ಕೊಡೂಕೆ ಕೂತ್ಕಳ್ತೆ."

ಬುಧವಾರ, ಗುರುವಾರ ಹಾಗೇ ಹೋದವು. ಬೆಳಿಗ್ಗೆ ದಂಡೆಗೆ ಹೋಗುವುದು, ಬಿಸಿಲೇರಿದಾಗ ಬರುವುದು, ಗಂಜಿ ಕುಡಿದು ಮತ್ತೆ ಹೋಗುವುದು. ಶುಕ್ರವಾರ ಮಧ್ಯಾಹ್ನ ಗೋವೆ ಗಡಿಯ ಮಾಜಾಳಿಯ ಕಡೆಯಿಂದ ಇಬ್ಬರು ಗಂಡಸರು ಒಂದು ಚುಕ್ಕಾಣಿಯನ್ನು ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಅಲ್ಲಿಯ ಮರಳಿನ ಮೇಲೆ ಬಿದ್ದಿತ್ತಂತೆ. ಅದರ ಒಡೆದ ಅಂಚಿಗೆ ಹಿತ್ತಾಳೆಯ ತಗಡು ಹೊಡೆದಿದ್ದರು. ಆ ತಗಡನ್ನು ಹೊಡೆದವನು ಭಾವನೇ, ನಮ್ಮ ಅಂಗಳದಲ್ಲೇ, ನನ್ನ ಎದುರಿಗೇ. ಊರಿನ ಹಿರಿಯರೊಬ್ಬರು ಬಂದು ಅದನ್ನು ಮುಟ್ಟಿ ನೋಡಿ, ತಲೆಯ ಮೇಲಿನ ವಸ್ತ್ರ ತೆಗೆದರು.

ಅಷ್ಟೇ ಸಾಕಾಯಿತು. ಅದುವರೆಗೆ ಅಳಬಾರದು ಎಂದು ಬಾಯಿ ಮುಚ್ಚಿಸಿದವರೇ ಈಗ ಅಳಬೇಕು ಎಂದು ಬಂದರು. ಪಕ್ಕದ ಮನೆಯಲ್ಲಿ ರೋದನ ಎದ್ದಿತು. ನಮ್ಮ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತು. ಅಕ್ಕನ ಅತ್ತೆ ಎದೆ ಬಡಿದುಕೊಂಡು ಮಗನನ್ನು ಹೆಸರು ಹಿಡಿದು ಕರೆದಳು. ಒಬ್ಬೊಬ್ಬರೂ ಅವನ ಒಂದೊಂದು ಗುಣ ಎತ್ತಿ ರಾಗ ಮಾಡಿ ಅಳುತ್ತಿದ್ದರು. ನಡುವೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಒಣಗಿ.

"ಅವ ಸತ್ತದ್ದ ಯಾರ್ ಕಂಡಿದ್ರು?" ಎಂದು ಕೇಳಿದಳು. "ಚುಕ್ಕಾಣಿ ಬಂದದೆ. ಅವ ಬರ್ಲಿಲ್ಲ."

ಅವಳ ಅತ್ತೆಯ ಅಕ್ಕ ಅವಳ ಭುಜ ಹಿಡಿದು ಅಲುಗಿಸಿದಳು. "ರಡ್ ಗೊ ಬಾಯ್, ರಡ್. ಅಳು. ಹೋದ ಜೀವಕ್ಕೆ ಹೆಂಡತಿಯ ಕಣ್ಣೀರು ಬೇಕು. ಇಲ್ದಿದ್ರೆ ದಾರಿ ಸಿಗೂದಿಲ್ಲ."

ಅಕ್ಕ ಅಲುಗಾಡಿಸಿದ ಹಾಗೆಲ್ಲ ಅಲುಗಾಡಿದಳು. ಮುಖ ಮಾತ್ರ ಬದಲಾಗಲಿಲ್ಲ. ಆಗ ಮುದುಕಿಯ ಕಣ್ಣು ನನ್ನ ಮೇಲೆ ಬಿತ್ತು. ನನ್ನನ್ನು ಎಳೆದು ಅಕ್ಕನ ಎದುರಿಗೆ ಕೂರಿಸಿ ಕಿವಿಯಲ್ಲಿ ಹೇಳಿದಳು: "ನೀನು ಅಳು. ಅವಳ ಕುತ್ತಿಗೆ ಹಿಡ್ಕಂಡು ಅಳು. ನಿನ್ನ ನೋಡಿ ಅವಳಿಗೂ ಅಳು ಬರ್ತದೆ."

ನನ್ನ ಕಣ್ಣು ಆಗಲೇ ತುಂಬಿತ್ತು. ಒಂದು ಸಲ ರೆಪ್ಪೆ ಬಡಿದರೆ ಸಾಕಿತ್ತು. ಅಕ್ಕ ನನ್ನ ಕಣ್ಣನ್ನೇ ನೋಡಿದಳು. ಬೇಡವೆಂದು ತಲೆಯನ್ನೂ ಆಡಿಸಲಿಲ್ಲ. ನಾನು ಅತ್ತರೆ ಅವಳು ಮುರಿದು ಬೀಳುತ್ತಾಳೆ ಎಂದು ನನಗೆ ಗೊತ್ತಾಯಿತು. ಮುರಿದು ಬಿದ್ದರೆ ಅವಳು ಒಪ್ಪಿದ ಹಾಗೆ. ಆಮೇಲೆ ಬಳೆ ಒಡೆಯುತ್ತಾರೆ, ಕರಿಮಣಿ ತೆಗೆಯುತ್ತಾರೆ. ನಾನು ಅವಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು, ಅದಕ್ಕೆ ಸುತ್ತಿದ ಬಟ್ಟೆಯನ್ನು ಬಾಯಲ್ಲಿ ಕಚ್ಚಿ ಹಿಡಿದೆ. ಮುದುಕಿ ನನ್ನ ತೊಡೆ ಚಿವುಟಿದಳು. ಇನ್ನೊಮ್ಮೆ ಚಿವುಟಿದಳು, ಉಗುರು ಒಳಗೆ ಇಳಿಯುವ ಹಾಗೆ. ಗಂಜಿ ಬಿಸಿಯಾಯಿತೆಂದು ಅಳುತ್ತಿದ್ದವಳು ನಾನು. ಅಂದು ಅಳಲಿಲ್ಲ. ತೊಡೆಯ ನೀಲಿ ಗುರುತು ಮಾಯಲು ಎರಡು ವಾರ ಬೇಕಾಯಿತು.

ಶನಿವಾರದಿಂದ ಊರಿನ ಮಾತು ತಿರುಗಿತು. ಗಂಡ ಹೋದರೂ ಅಳದವಳಿಗೆ ಗಂಡ ಬೇಕಾಗಿರಲಿಲ್ಲ ಅಂದರು. ಬಾವಿಗೆ ನೀರು ತರಲು ಹೋದರೆ ಅಲ್ಲಿದ್ದವರು ಮಾತು ನಿಲ್ಲಿಸಿ, ತಮ್ಮ ಕೊಡವನ್ನು ನಮ್ಮ ಕೊಡದಿಂದ ದೂರ ಸರಿಸುತ್ತಿದ್ದರು. ಅಂಕೋಲೆಯಲ್ಲಿ ಮದುವೆಗೆ ಮುಂಚೆ ಅವಳಿಗೆ ಯಾರೋ ಇದ್ದರಂತೆ ಎಂಬಲ್ಲಿಯ ತನಕ ಮಾತು ಹೋಯಿತು. ಅದನ್ನು ನನ್ನನ್ನೇ ಕರೆದು ಕೇಳಿದರು. ನಾನು ಕೊಡ ಅಲ್ಲೇ ಬಿಟ್ಟು ಓಡಿ ಬಂದೆ. ಅಕ್ಕ ತಾನೇ ಹೋಗಿ ಕೊಡ ತಂದಳು. ಆ ಹೆಂಗಸರ ನಡುವೆ ನಿಂತು, ನೀರು ಸೇದಿ, ತುಂಬಿಸಿಕೊಂಡು ಬಂದಳು.

ಭಾನುವಾರ ಅಪ್ಪ ಬಂದ. ಕಾರವಾರಕ್ಕೆ ಬರುವ ಯಾರ ಕೈಯಲ್ಲೋ ಸುದ್ದಿ ಮುಟ್ಟಿತ್ತು. ಕೋಡಿಬಾಗದಿಂದ ದೋಣಿಯಲ್ಲಿ ಕಾಳಿ ದಾಟಿ ಬರುತ್ತಾನೆಂದು ಗೊತ್ತಾಗಿ ನಾನೂ ಅಕ್ಕನೂ ದೋಣಿ ನಿಲ್ಲುವ ದಕ್ಕೆಯ ಹತ್ತಿರ ನಿಂತಿದ್ದೆವು. ಅಂದು ಸಂತೆಗೆ ಹೋಗಿ ಬರುವವರು, ಮೀನಿನ ಬುಟ್ಟಿಯವರು, ಎತ್ತಿನ ಗಾಡಿಯವರು, ದಕ್ಕೆಯ ತುಂಬ ಜನ. ದೋಣಿ ನಡುನೀರಿಗೆ ಬಂದಾಗ ಅಪ್ಪ ಎದ್ದು ನಿಂತದ್ದು ಕಂಡಿತು. ಅವನು ಅಕ್ಕನನ್ನು ನೋಡಿದ. ಅವಳ ಕಂಕುಳಲ್ಲಿ ಕೂಸು, ಕೈತುಂಬ ಇನ್ನೂ ಬಳೆ.

ದೋಣಿ ದಡಕ್ಕೆ ತಾಗುವ ಮೊದಲೇ ಅವನು ಅಳಲು ಶುರು ಮಾಡಿದ.

ಬಾಯಿಗೆ ಪಂಚೆಯ ಚುಂಗು ಹಿಡಿದು ಮೆಲ್ಲಗೆ ಅತ್ತಿದ್ದರೆ ಜನ ನೋಡದ ಹಾಗೆ ಮಾಡುತ್ತಿದ್ದರೋ ಏನೋ. ಅಪ್ಪ ಬಾಯಿ ತೆರೆದು ಅತ್ತ. ಕೆಸರಿಗೆ ಇಳಿದು ಎರಡು ಹೆಜ್ಜೆ ಇಟ್ಟು, ಮೂರನೆಯದು ಇಡಲಾಗದೆ ಅಲ್ಲೇ ಕೂತುಬಿಟ್ಟ. ಎಂಥ ಸದ್ದು! ನಾನು ಹುಟ್ಟಿದಾಗಿನಿಂದ ಕೇಳದ ಸದ್ದು. ಮೀನಿನ ಬುಟ್ಟಿಯ ಹೆಂಗಸರು ಬುಟ್ಟಿ ಇಳಿಸಿ ನಿಂತರು. ದೋಣಿಯವನು, "ಏಳಿ ಮಾರಾಯ್ರೇ, ಗಂಡಸಾಗಿ ಎಂತ ಇದು" ಎಂದು ಅವನ ತೋಳು ಹಿಡಿದ. ಯಾರೋ ನಕ್ಕರು. ಎತ್ತಿನ ಗಾಡಿಯವರಲ್ಲಿ ಇಬ್ಬರು ಅಂಕೋಲೆಯವರು ಇದ್ದರು. ಅವರಿಗೆ ಅಪ್ಪನ ಗುರುತಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆನ್ನು ತಿರುಗಿಸಿದರು. ನನಗೆ ನಾಚಿಕೆಯಾಯಿತು. ಈಗ ಹೇಳಲು ಕಷ್ಟ, ಆದರೆ ಆ ಹೊತ್ತಿಗೆ ನನಗಾದದ್ದು ದುಃಖವಲ್ಲ, ನಾಚಿಕೆ. ಇವನು ನನ್ನ ಅಪ್ಪ ಅಲ್ಲ ಎನ್ನುವ ಹಾಗೆ ಎರಡು ಹೆಜ್ಜೆ ಹಿಂದೆ ಸರಿದೆ.

ಅಕ್ಕ ಕೆಸರಿಗಿಳಿದು ಹೋದಳು. "ಅಪ್ಪ, ನಂಗೆ ಅವ ಇನ್ನೂ ಬದ್ಕೇ ಇದ್ದ. ನೀನು ಹೀಂಗೆ ಅಳೂದಾದ್ರೆ ಇದೇ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಅಳು."

ಅವನು ತಲೆ ಎತ್ತಿ ಅವಳನ್ನು ನೋಡಿದ. ನದಿಯ ನೀರನ್ನೇ ಬೊಗಸೆಯಲ್ಲಿ ತೆಗೆದು ಮುಖ ತೊಳೆದುಕೊಂಡ. ಎದ್ದು, ಕೂಸನ್ನು ಕೊಡೆಂದು ಕೈ ಚಾಚಿದ.

ಆ ಸಂಜೆ ಊರಿನ ಹಿರಿಯರು ಬಂದು ಅಪ್ಪನನ್ನು ಅಂಗಳದ ಕಟ್ಟೆಯಲ್ಲಿ ಕೂರಿಸಿಕೊಂಡರು. ನಾಳೆ ಎರಡೂ ಮನೆಯ ಹೆಂಗಸರನ್ನು ನದಿಗೆ ಕರೆದುಕೊಂಡು ಹೋಗಿ ಆಗಬೇಕಾದ್ದನ್ನು ಮಾಡುವುದೆಂದು ನಿಶ್ಚಯವಾಗಿತ್ತು. ಮಗಳಿಗೆ ಬುದ್ಧಿ ಹೇಳಬೇಕು, ಒಮ್ಮೆ ಅತ್ತು ಹಗುರಾಗಲಿ, ಹೀಗೆ ಇದ್ದರೆ ಊರಿಗೇ ಅಪಶಕುನ ಎಂದರು. ಒಬ್ಬರು ನಡುವೆ ಬಾಯಿ ಹಾಕಿದರು: "ಮನೆಯಲ್ಲಿ ಎಲ್ಲಾ ಉಲ್ಟಾ ಆಗದೆ. ಅಳಬೇಕಾದವಳು ಅಳೂದಿಲ್ಲ, ಅಳಬಾರದವ ದಕ್ಕೆ ಮೇಲೆ ಕೂತು ಅಳ್ತ."

ಅಪ್ಪ ಹೇಳಿದ: "ನಾನು ಅತ್ತೆ ಹೌದು. ಅದು ನನ್ನ ಕಣ್ಣು. ಅವಳ ಕಣ್ಣು ಅವಳದ್ದು. ನಾನು ಹೇಳೂದಿಲ್ಲ."

ಸೋಮವಾರ ಬೆಳಿಗ್ಗೆ ಹೆಂಗಸರು ಬಂದರು. ಪಕ್ಕದ ಮನೆಯಾಕೆಯನ್ನು ಇಬ್ಬರು ಎರಡು ಕಡೆಯಿಂದ ಹಿಡಿದು ಕರೆದುಕೊಂಡು ಹೋದರು. ನಮ್ಮ ಬಾಗಿಲಲ್ಲಿ ಅಪ್ಪ ನಿಂತಿದ್ದ. ಅಕ್ಕ ಹೊಸ್ತಿಲ ಒಳಗೆ ಕೂತಿದ್ದಳು. ಏಳಲಿಲ್ಲ. ಮುದುಕಿ ಬೈದಳು, ಕೈ ಮುಗಿದಳು, ಕೊನೆಗೆ ಅಕ್ಕನ ಅತ್ತೆಯನ್ನು ಮುಂದೆ ತಳ್ಳಿದಳು. ಅತ್ತೆ ಬಂದು ಸೊಸೆಯ ಎದುರು ಕೂತಳು. ಅವಳ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಎಲ್ಲರಿಗೂ ಕೇಳುವ ಹಾಗೆ, "ನಾಳೆ ತನ್ಕ ಬಿಡಿ" ಎಂದಳು. "ಇನ್ನೊಂದು ದಿನ ಬಿಡಿ." ಸೊಸೆಯ ನಂಬಿಕೆಯಲ್ಲಿ ಅವಳಿಗೂ ಒಂದು ಗುಟುಕು ಬೇಕಾಗಿತ್ತೆಂದು ತೋರುತ್ತದೆ.

ನದಿಯ ಕಡೆಯಿಂದ ಕಲ್ಲಿಗೆ ಬಳೆ ಬಡಿಯುವ ಸದ್ದು ನಮಗೆ ಕೇಳಿಸಿತು. ಅಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು.

ಮಂಗಳವಾರ, ಹೆಂಗಸರು ಇನ್ನೂ ಬಂದಿರಲಿಲ್ಲ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತು. ನಾನು ಕೂಸಿನ ಬಟ್ಟೆ ಒಗೆಯುತ್ತಿದ್ದೆ. ಮಾಜಾಳಿ ರಸ್ತೆಯಲ್ಲಿ ಯಾರೋ "ತೊ ಆಯ್ಲೊ! ತೊ ಆಯ್ಲೊ!" ಎಂದು ಕೂಗುತ್ತ ಓಡಿ ಬಂದರು. ಬಂದ, ಅವನು ಬಂದ ಎಂದು. ಬೇಲಿ ಬದಿಯಲ್ಲಿ ಭಾವ ಕಂಡ. ಒಬ್ಬನೇ. ಯಾರದೋ ಅಂಗಿ ತೊಟ್ಟಿದ್ದ, ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು, ಮುಖದ ಚರ್ಮ ಉಪ್ಪಿಗೆ ಸುಲಿದಿತ್ತು.

ಆಮೇಲೆ ಅವನು ಹೇಳಿದ್ದು ಇಷ್ಟು. ಕತ್ತಲಾಗುವ ಹೊತ್ತಿಗೆ ಮಚವೆ ಮಗುಚಿತು. ಮೂವರೂ ಒಂದು ಬಿದಿರಿನ ಕಟ್ಟನ್ನು ತಬ್ಬಿಕೊಂಡರು. ಮಾರನೆಯ ದಿನ ಹೊತ್ತಾದ ಮೇಲೆ ಗೋವೆಯ ಕಾಣಕೋಣದ ಕಡೆಯ ಮೀನುಗಾರರು ಕಂಡು ದೋಣಿಗೆ ಎಳೆದುಕೊಂಡರು. ಅಷ್ಟು ಹೊತ್ತಿಗೆ ಇಬ್ಬರೇ ಇದ್ದರು. ಜ್ವರ ಬಂದು ಅಲ್ಲೇ ಅವರ ಗುಡಿಸಲಿನಲ್ಲಿ ಬಿದ್ದಿದ್ದರು. ಚುಕ್ಕಾಣಿಯ ಮುದುಕನಿಗೆ ಏಳಲು ಆಗುತ್ತಿರಲಿಲ್ಲ. ಭಾವ ಹೊರಟರೆ ಗಡಿಯಲ್ಲಿ ಪೋರ್ತುಗೀಜರ ಸಿಪಾಯಿಗಳು ತಡೆದು ಒಂದು ದಿನ ಕೂರಿಸಿದರು.

ಅಂಗಳಕ್ಕೆ ಬಂದವನು ಅಕ್ಕನ ಕಡೆ ಬರಲಿಲ್ಲ. ಪಕ್ಕದ ಮನೆಯ ಬೇಲಿಯ ಕಡೆ ನೋಡಿದ. ಅಲ್ಲಿ ಬರಿಗೈಯ, ಬರಿಹಣೆಯ ಅವಳು ನಿಂತಿದ್ದಳು. ಅವಳು ಅವನ ಹಿಂದೆ ರಸ್ತೆಯಲ್ಲಿ ಇನ್ನೊಬ್ಬನಿಗಾಗಿ ಹುಡುಕುತ್ತಿದ್ದಳು. ಭಾವ ಅಂಗಳದ ನಡುವೆ ಕುಸಿದು ಕೂತು, ಬಟ್ಟೆ ಸುತ್ತಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಗ ಅಕ್ಕ ಅತ್ತಳು. ಬಾಗಿಲ ಚೌಕಟ್ಟು ಹಿಡಿದು, ನಿಂತಲ್ಲೇ, ಒಂಬತ್ತು ದಿನದ್ದೆಲ್ಲ. ನಾನೂ ಹಿಡಿದದ್ದನ್ನು ಬಿಟ್ಟು ಅತ್ತೆ.

ನೆರೆದವರಿಗೆ ಅದೂ ಸರಿಬರಲಿಲ್ಲ. "ಗಂಡ ಜೀವಸಹಿತ ಬಂದಿದ್ದ. ಇಂಥ ಹೊತ್ತಲ್ಲಿ ಕಣ್ಣೀರು ಹಾಕ್ತಾರನೇ? ಒರೆಸ್ಕ, ಒರೆಸ್ಕ" ಎಂದು ಮುದುಕಿ ತನ್ನ ಸೆರಗಿನಿಂದಲೇ ಅಕ್ಕನ ಮುಖ ತಿಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಊರಿನ ಬಾಯಲ್ಲಿ ಪತಿವ್ರತೆಯಾಗಿದ್ದಳು. ಅವಳು ಅಳದೆ ಹಿಡಿದಿಟ್ಟದ್ದಕ್ಕೇ ಗಂಡ ಉಳಿದ. ಇನ್ನೊಬ್ಬಳು ಮೊದಲ ದಿನವೇ ನೀರಲ್ಲಿ ನಿಂತು ಅತ್ತಳು, ಅವಳ ಗಂಡ ಹೋದ. ಎರಡು ಮನೆ, ಒಂದೇ ಬೇಲಿ, ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಕೊಡ ದೂರ ಸರಿಸಿದ್ದ ಹೆಂಗಸರೇ ಬಾಳೆಹಣ್ಣು ತಂದು ಅಕ್ಕನ ಮಡಿಲಿಗೆ ಹಾಕಿದರು. ಪಕ್ಕದ ಮನೆಯ ಅತ್ತೆ ಸೊಸೆಗೆ ಬೈಯುತ್ತಿದ್ದುದು ಬೇಲಿಯಾಚೆಯಿಂದ ಕೇಳುತ್ತಿತ್ತು: "ನೀನೇ ತಿಂದೆ ನನ್ನ ಮಗನ. ನಿನ್ನ ಕಣ್ಣೀರೇ ತಿಂತು."

ಅಕ್ಕ ಭಾವನ ಅಂಗೈಗೆ ಎಣ್ಣೆ ಹಚ್ಚುತ್ತಿದ್ದಳು. ಅವನನ್ನು ಕೇಳಿದಳು, "ಅವ ಕೈ ಬಿಟ್ಟದ್ದು ಯಾವಾಗ?"

ಭಾವ ಕೈ ಹಿಂದಕ್ಕೆ ಎಳೆದುಕೊಂಡ. ಅವಳು ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಹೇಳಿದ: "ಬೆಳಗಾಗೂಕೆ ಇನ್ನೂ ಹೊತ್ತಿತ್ತು. ಬೆಳ್ಳಿ ಮೂಡಿತ್ತು. ನನ್ನ ಪಕ್ಕಕ್ಕೇ ಇದ್ದ. ಕೈ ಸೋತು ಹೋಯ್ತು ಅಂದ. ನಾನು ಹಿಡ್ದೆ. ಆಗ್ಲಿಲ್ಲ."

ಅಕ್ಕ ಎಣ್ಣೆಯ ಬಟ್ಟಲು ಕೆಳಗಿಟ್ಟು ಎದ್ದಳು. ಅಪ್ಪ ಎಲ್ಲಿಗೆ ಎಂದ. ಅವಳು ನಿಲ್ಲಲಿಲ್ಲ. ಬೇಲಿಯ ಸಂದಿಯಿಂದ ಹೋಗದೆ, ರಸ್ತೆಗೆ ಬಂದು, ಎಲ್ಲರೂ ನೋಡುವ ಹಾಗೆ ಮುಂಬಾಗಿಲಿನಿಂದ ಪಕ್ಕದ ಮನೆಯ ಅಂಗಳಕ್ಕೆ ಹೋದಳು. ಕೂಸನ್ನು ಎತ್ತಿಕೊಂಡು ನಾನು ಹಿಂದೆ ಓಡಿದೆ. ಅಲ್ಲಿ ಹತ್ತಿಪ್ಪತ್ತು ಜನ ಇದ್ದರು. ಗಂಡ ಬಂದ ದಿನವೇ ಮುತ್ತೈದೆ ಸೂತಕದ ಮನೆಗೆ ಕಾಲಿಡುವುದನ್ನು ಕಂಡು ಒಬ್ಬಳು ಅಡ್ಡ ಬಂದಳು. ಅಕ್ಕ ಅವಳನ್ನು ದಾಟಿ ಹೋಗಿ, ಜಗಲಿಯ ಮೂಲೆಯಲ್ಲಿ ಮುದುಡಿ ಕೂತಿದ್ದವಳ ಎದುರು ಕೂತಳು.

"ಕೇಳು" ಎಂದು ಗಟ್ಟಿಯಾಗಿ ಹೇಳಿದಳು. "ಎಲ್ರೂ ಕೇಳಿ. ಅವ ಹೋದದ್ದು ಕಳೆದ ಮಂಗಳವಾರ ಬೆಳ್ಳಿ ಮೂಡೂ ಹೊತ್ತಿಗೆ. ನೀನು ಅತ್ತದ್ದು ಅದೇ ಮಂಗಳವಾರ ಮಧ್ಯಾಹ್ನ. ನೀನು ಅಳೂಕೆ ಮೊದ್ಲೇ ಅವ ಹೋಗಿದ್ದ. ನನ್ನ ಗಂಡ ಕಂಡ್ಕಂಡು ಬಂದಿದ್ದ. ನಿನ್ನ ಕಣ್ಣೀರು ಎಂತದೂ ಮಾಡ್ಲಿಲ್ಲ. ನಾನು ಅಳದೆ ಕೂತದ್ದೂ ಎಂತದೂ ಮಾಡ್ಲಿಲ್ಲ."

ಆಮೇಲೆ ಅಕ್ಕ ಅವಳ ಬರಿ ಮಣಿಕಟ್ಟುಗಳನ್ನು ತನ್ನ ಎರಡು ಕೈಯಲ್ಲಿ ಹಿಡಿದು ಅತ್ತಳು. ಇಬ್ಬರೂ ಹಣೆಗೆ ಹಣೆ ಹಚ್ಚಿ ಅತ್ತರು. ಯಾರೂ ಹತ್ತಿರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಮನೆಯ ಅತ್ತೆ ಜಗಲಿಯ ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು.

ಊರು ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಣ್ಣೀರು ಅಲ್ಲವಾದರೆ ಪಕ್ಕದ ಮನೆಯವಳ ಕಾಲ್ಗುಣ ಅಂದರು. ತಿಂಗಳು ಕಳೆಯುವಷ್ಟರಲ್ಲಿ ಅವಳ ಅಣ್ಣ ಬಂದು ತೋಡೂರಿಗೆ ಕರೆದುಕೊಂಡು ಹೋದ. ನಾಲ್ಕು ವರ್ಷದ ಮೇಲೆ ಒಮ್ಮೆ ಕಾರವಾರದ ಸಂತೆಯಲ್ಲಿ ಅವಳನ್ನು ಕಂಡೆ. ನನಗಾಗಲೇ ಮದುವೆಯಾಗಿತ್ತು. ಅವಳು ಹರಿವೆ ಸೊಪ್ಪಿನ ಕಟ್ಟುಗಳನ್ನು ಹರವಿಕೊಂಡು ಕೂತಿದ್ದಳು. ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತೇನೆ, ಅಣ್ಣನ ಹಿತ್ತಲಲ್ಲಿ ಸೊಪ್ಪು ಬೆಳೆಯುತ್ತೇನೆ ಎಂದಳು. ನನ್ನ ಕೊಂಕಣಿ ಕೇಳಿ ನಕ್ಕಳು. ಮೊದಲಿನಷ್ಟು ದೊಡ್ಡದಾಗಿ ಅಲ್ಲ. ಹೊರಡುವಾಗ ಅಕ್ಕನಿಗೆ ಕೊಡೆಂದು ಎರಡು ಕಟ್ಟು ಸೊಪ್ಪು ನನ್ನ ಚೀಲಕ್ಕೆ ಹಾಕಿ, "ಅವತ್ತು ನಿನ್ನ ಅಕ್ಕ ಬರದೆ ಇದ್ರೆ ನಾನು ಅದೇ ನದಿಗೆ ಹೋಗ್ತಿದ್ದೆ" ಎಂದು, ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದಳು.

ಅಪ್ಪನ ಸುದ್ದಿ ಅವನಿಗಿಂತ ಮೊದಲು ಊರು ಸೇರಿತ್ತು. ಅಂಕೋಲೆಯ ಪೇಟೆಯಲ್ಲಿ ಅವನು ಹೋಗುವಾಗ ಹಿಂದಿನಿಂದ ಹೆಂಗಸಿನ ಹಾಗೆ ಮುಲುಕುವ ಸದ್ದು ಮಾಡುತ್ತಿದ್ದರು. ಅವ್ವ ಅವಮಾನದಿಂದ ಬಾವಿಗೆ ಹೋಗುವುದನ್ನೇ ಬಿಟ್ಟಳು. "ಎಮ್ಮೆ ಹೋದಾಗ ಅಳದವ, ಅಲ್ಲಿ ಹೋಗಿ ಎಂತಕ್ಕೆ ಅತ್ರಿ?" ಎಂದು ಒಮ್ಮೆ ಕೇಳಿದಳು. "ಆವತ್ತೇ ಅಳಬೇಕಾಗಿತ್ತು" ಎಂದ ಅಪ್ಪ. ಪ್ರತಿ ವಾರ ಪೇಟೆಗೆ ಹೋಗುವುದನ್ನು ನಿಲ್ಲಿಸಲಿಲ್ಲ.

ಅದೇ ಮುಂದಿನ ಬೇಸಿಗೆಗೆ, ನಾನು ಮನೆಗೆ ಮರಳಿದ್ದಾಗ, ನಮ್ಮ ಹಳ್ಳಿಯಲ್ಲಿ ಜ್ವರ ಬಂತು. ಕೆಳಗಿನ ಕೇರಿಯ ಒಬ್ಬನ ಐದು ವರ್ಷದ ಮಗ ತೀರಿಕೊಂಡ. ಅವನು ಮಗನನ್ನು ಮಣ್ಣು ಮಾಡಿ ಬಂದು, ಬಂದವರಿಗೆಲ್ಲ ಎಲೆ ಅಡಿಕೆ ಕೊಟ್ಟು, ಗಟ್ಟಿಯಾಗಿದ್ದ. ಮೂರು ದಿನದ ಮೇಲೆ ಮಧ್ಯಾಹ್ನ ನಮ್ಮ ಅಂಗಳಕ್ಕೆ ಬಂದು, ಅಪ್ಪನನ್ನು ಕಂಡು, "ಬೀಜದ ಭತ್ತ ಇದ್ದದಾ ಕೇಳೂಕೆ ಬಂದೆ" ಎಂದ. ಅಪ್ಪ ಅವನ ಮುಖ ನೋಡಿ, "ಬಾ, ಕೊಟ್ಟಿಗೆಗೆ ಬಾ" ಎಂದು ಕರೆದುಕೊಂಡು ಹೋದ. ನಾನು ಹುಲ್ಲಿನ ಹೊರೆ ಹೊತ್ತುಕೊಂಡು ಹೋದಾಗ ಆ ಮನುಷ್ಯ ಗೋದಲಿಯ ಮೇಲೆ ತಲೆಯಿಟ್ಟು ಅಳುತ್ತಿದ್ದ. ಅಪ್ಪ ಅವನಿಗೆ ಬೆನ್ನು ಮಾಡಿ, ಹೊಸ ಎಮ್ಮೆಯ ಮೈ ತಿಕ್ಕುತ್ತಿದ್ದ. ನನ್ನನ್ನು ಕಂಡು, ಹೊರೆ ಅಲ್ಲೇ ಇಳಿಸಿ ಬಾಗಿಲು ಎಳೆದುಕೊಂಡು ಹೋಗು ಎಂದು ಕೈಸನ್ನೆ ಮಾಡಿದ.